ಯೂನಿಟ್‌ಗಳು ಮೊದಲು ಹೋದವು, ನಾನು ಆಮೇಲೆ

2014ರಲ್ಲಿ ತಿಪಟೂರು ಬಿಟ್ಟು ಹೊರಡುವಾಗ ಅಪ್ಪನ ಕೈಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಫೈಲಿತ್ತು. ಅದರಲ್ಲಿ ನಮ್ಮ ಪಾಸ್‌ಪೋರ್ಟುಗಳು, ಮುಂಬೈ ಕಾನ್ಸುಲೇಟಿನವರು ಸೀಲು ಹಾಕಿ ಕೊಟ್ಟಿದ್ದ ಕವರುಗಳು ಮತ್ತು ನನ್ನ ಟಿಸಿ. ನಾನು ಆಗ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ್ದೆ. ಆ ಟಿಸಿ ತೆಗೆಸಲು ಅಪ್ಪ ಮೂರು ದಿನ ಕಾಲೇಜಿನ ಆಫೀಸಿಗೆ ಅಲೆದಿದ್ದರು. "ಇದೊಂದು ಕಳ್ಕೊಂಡ್ರೆ ನಿನ್ನ ಯಾವ ಕಾಲೇಜಿನೋರೂ ಸೇರಿಸ್ಕಳಲ್ಲ ಕಣಮ್ಮ" ಎನ್ನುತ್ತ, ವಿಮಾನದಲ್ಲೂ ಆ ಫೈಲನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆ ಟಿಸಿಯನ್ನು ಅಮೆರಿಕದಲ್ಲಿ ಇವತ್ತಿನವರೆಗೂ ಯಾರೂ ಕೇಳಿಲ್ಲ.

ನಮ್ಮ ಕಡೆ ಟ್ರಾನ್ಸ್‌ಫರ್ ಅಂದರೆ ಎರಡೇ ಅರ್ಥ. ಒಂದು, ಸರ್ಕಾರಿ ನೌಕರರಿಗೆ ವರ್ಗ ಆಗುವುದು. ಅದು ಅರ್ಧ ಶಿಕ್ಷೆ. ಇನ್ನೊಂದು, ಹೆಡ್‌ಮಾಸ್ಟರು "ಟಿಸಿ ಕೊಟ್ಟು ಕಳಿಸಿಬಿಡ್ತೀನಿ" ಎಂದು ಗದರುವುದು. ಅದು ಪೂರ್ತಿ ಶಿಕ್ಷೆ. ಈ ಪದವನ್ನು ಜನ ಆಸೆಯಿಂದ ಹೇಳುವುದನ್ನು ನಾನು ಮೊದಲು ಕೇಳಿದ್ದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿನ ಕಮ್ಯುನಿಟಿ ಕಾಲೇಜು ಅಂದರೆ ಯಾರು ಬೇಕಾದರೂ ಸೇರಿ, ಡಿಗ್ರಿಯ ಮೊದಲೆರಡು ವರ್ಷದ ಪಾಠ ಓದಿ, ಉಳಿದದ್ದಕ್ಕೆ ಯೂನಿವರ್ಸಿಟಿಗೆ ಹೋಗಬಹುದಾದ ಕಾಲೇಜು. ಅಲ್ಲಿ ಯಾರ ಪಕ್ಕ ಕೂತರೂ ಹೆಸರು ಕೇಳಿದ ಮೇಲೆ ಬರುವ ಎರಡನೇ ಪ್ರಶ್ನೆ, "ಎಲ್ಲಿಗೆ ಟ್ರಾನ್ಸ್‌ಫರ್ ಆಗ್ತಿದೀಯ?"

ಇದನ್ನೆಲ್ಲ ಈಗ ಬರೆಯಲು ಕಾರಣ ಕಳೆದ ತಿಂಗಳು ಬಂದ ಒಂದು ಫೋನು. ಫ್ರೀಮಾಂಟಿನ ಕನ್ನಡದ ಮನೆಯವರೊಬ್ಬರು. ಅವರ ಮಗನಿಗೆ ಬೇಕಾದ ಯೂನಿವರ್ಸಿಟಿ ಸಿಕ್ಕಿರಲಿಲ್ಲ. "ಅವನನ್ನ ಸುಮ್ನೆ ಎರಡು ವರ್ಷ…" ಎಂದು ಶುರು ಮಾಡಿ, "ಕಮ್ಯುನಿಟಿ ಕಾಲೇಜು" ಎನ್ನುವಾಗ ಅವರ ದನಿ ತಗ್ಗಿತು. ಮನೆಯಲ್ಲಿ ಯಾರಿಗೋ ಬಂದಿರುವ ಕಾಯಿಲೆಯ ಹೆಸರು ಹೇಳುವಾಗ ತಗ್ಗುತ್ತದಲ್ಲ, ಹಾಗೆ. "ನೀವು ಆ ಕಡೆಯಿಂದಾನೇ ಬಂದೋರಂತೆ ಅಲ್ವಾ?" ಎಂದರು. ಹೌದು, ನಾನು ಆ ಕಡೆಯಿಂದಾನೇ ಬಂದವಳು.

ಅತ್ತೆ, ಅಂದರೆ ಅಪ್ಪನ ಅಕ್ಕ, ನಮಗೋಸ್ಕರ ಅರ್ಜಿ ಹಾಕಿದ್ದು 2001ರಲ್ಲಿ. ಆಗ ನನಗೆ ಆರು ವರ್ಷ. ಅಮೆರಿಕದ ಪ್ರಜೆಗಳು ಒಡಹುಟ್ಟಿದವರನ್ನು ಕರೆಸಿಕೊಳ್ಳುವ ವೀಸಾಕ್ಕೆ ಎಫ್-4 ಎನ್ನುತ್ತಾರೆ. ನಮ್ಮ ಸರದಿ ಬರಲು ಹದಿಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡರು. ನಾನು ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೇ ಕ್ಲಾಸು ಮುಗಿಸಿ, ಪಿಯುಸಿ ಸೈನ್ಸು ಮಾಡಿ, ಸಿಇಟಿಯಲ್ಲಿ ಯಾವ ಇಂಜಿನಿಯರಿಂಗ್ ಸೀಟೂ ನಮ್ಮ ಕೈಗೆಟುಕದಂಥ ರ‍್ಯಾಂಕ್ ತೆಗೆದು, ಬಿ.ಎಸ್ಸಿ. ಸೇರಿದ್ದೆ. ಹದಿನೆಂಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಆ ರ‍್ಯಾಂಕು ಹಣೆಬರಹದ ಥರ.

ಇಲ್ಲಿಗೆ ಬಂದ ಮೇಲೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ ಸನಿವೇಲಿನ ಇಂಡಿಯನ್ ಅಂಗಡಿಯಲ್ಲಿ ಅಕ್ಕಿ ಚೀಲ ಜೋಡಿಸಿದರು. ಅಮ್ಮ ಸಾಫ್ಟ್‌ವೇರ್ ಹುಡುಗರಿಗೆ ಊಟದ ಡಬ್ಬಿ ಮಾಡಿದರು. ನಾನು ಅದೇ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಒಂದು ವರ್ಷ ನಿಂತೆ. ಯಾಕೆಂದರೆ ಇಲ್ಲಿನ ನಿವಾಸಿ ಎನಿಸಿಕೊಳ್ಳಲು ಒಂದು ವರ್ಷ ಮತ್ತು ಒಂದು ದಿನ ಇಲ್ಲಿ ಇದ್ದಿರಬೇಕು. ಅದಕ್ಕಿಂತ ಮುಂಚೆ ಸೇರಿದರೆ ಫೀಸು ಐದು ಪಟ್ಟಿಗೂ ಜಾಸ್ತಿ. ಆ ಒಂದು ದಿನ ಯಾಕೆ ಎಂದು ಅಪ್ಪನಿಗೆ ಬಹಳ ದಿನ ತಲೆ ಕೆಟ್ಟಿತ್ತು. ಆಮೇಲೆ ಅವರೇ ಉತ್ತರ ಕಂಡುಕೊಂಡರು. "ಮುಯ್ಯಿಗೆ ನೂರರ ಜೊತೆ ಒಂದು ರೂಪಾಯಿ ಸೇರಿಸ್ತೀವಲ್ಲ, ಹಂಗೆ."

2015ರಲ್ಲಿ ಕಾಲೇಜು ಸೇರಿದೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಮುಂದೆ ಅದರ ಬಗ್ಗೆ ಸ್ವಲ್ಪ ದೂರುವುದಿದೆ, ಋಣವೂ ಇದೆ. ಇಲ್ಲಿ ಒಂದೊಂದು ಕೋರ್ಸಿಗೂ ಇಷ್ಟು ಯೂನಿಟ್ ಎಂದು ಅಳತೆ ಇರುತ್ತದೆ. ಫೀಸು ಯೂನಿಟ್ಟಿಗೆ 46 ಡಾಲರ್. ಒಂದು ಸೆಮಿಸ್ಟರಿಗೆ 12 ಯೂನಿಟ್ ತಗೊಂಡರೆ 552 ಡಾಲರ್. ನಮ್ಮ ಮನೆಯ ಆದಾಯಕ್ಕೆ ಅದೂ ಮಾಫಿ ಆಯಿತು. ಪುಸ್ತಕದ ಬೆಲೆಯನ್ನು ಮಾತ್ರ ಯಾರೂ ಮಾಫಿ ಮಾಡಲಿಲ್ಲ. ಕ್ಯಾಲ್ಕುಲಸ್ ಪುಸ್ತಕವನ್ನು ಲೈಬ್ರರಿಯಲ್ಲಿ ಎರಡು ಗಂಟೆಗೆ ಅಂತ ಕೊಡುತ್ತಿದ್ದರು. ನಾನು ಲೆಕ್ಕಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಸ್ಸಿನಲ್ಲಿ ಬಿಡಿಸುತ್ತಿದ್ದೆ.

ಸೇರುವಾಗ ಒಂದು ಪರೀಕ್ಷೆ ಇಟ್ಟರು. ಗಣಿತದಲ್ಲಿ ಪರವಾಗಿಲ್ಲ ಎನ್ನುವಂತೆ ಪಾಸಾದೆ. ಇಂಗ್ಲಿಷಿನಲ್ಲಿ ಯೂನಿವರ್ಸಿಟಿ ಲೆಕ್ಕಕ್ಕೆ ಬರುವ ಕೋರ್ಸಿಗಿಂತ ಎರಡು ಮೆಟ್ಟಿಲು ಕೆಳಗೆ ಕೂರಿಸಿದರು. ಅಲ್ಲಿಗೆ ಒಂದು ವರ್ಷ ಹೋಯಿತು. ಆ ಕೋರ್ಸುಗಳಲ್ಲಿ ಎಷ್ಟು ಚೆನ್ನಾಗಿ ಬರೆದರೂ ಒಂದು ಯೂನಿಟ್ಟೂ ಮುಂದಕ್ಕೆ ಹೋಗುವುದಿಲ್ಲ. ನನ್ನಂಥವರು ಎಷ್ಟು ಜನ ಆ ಮೆಟ್ಟಿಲಲ್ಲೇ ಕೂತು, ಬೇಸತ್ತು, ಕಾಲೇಜೇ ಬಿಟ್ಟುಹೋದರೋ. ಇದು ಸರಿಯಿಲ್ಲ ಎಂದು 2017ರಲ್ಲಿ ಎಬಿ 705 ಎಂಬ ಕಾನೂನು ಬಂತು. ಈಗ ಬಹುತೇಕ ಎಲ್ಲರನ್ನೂ ನೇರ ಮೇಲಿನ ಕೋರ್ಸಿಗೇ ಹಾಕುತ್ತಾರೆ. ಒಳ್ಳೆಯದೇ ಆಯಿತು. ಆದರೂ ನನ್ನ ಹೊಟ್ಟೆಯ ಒಂದು ಮೂಲೆ ಇನ್ನೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ನನ್ನ ಕ್ಲಾಸಿನಲ್ಲಿ ಇದ್ದವರನ್ನು ನೋಡಬೇಕಿತ್ತು. ಹೈಸ್ಕೂಲಿನಲ್ಲಿ ಓದುತ್ತಲೇ ಕ್ಯಾಲ್ಕುಲಸ್‌ಗೆ ಬಂದು ಕೂರುತ್ತಿದ್ದ ಹದಿನಾರರ ಹುಡುಗಿ. ಹೋಟೆಲ್ ಅಡುಗೆಮನೆಯಿಂದ ನೇರ ಬರುತ್ತಿದ್ದ, ಅಂಗಿಗೆ ಈರುಳ್ಳಿ ವಾಸನೆ ಮೆತ್ತಿಕೊಂಡಿರುತ್ತಿದ್ದ ಮೆಕ್ಸಿಕೊ ಮೂಲದ ಹುಡುಗ. ಸೈನ್ಯ ಬಿಟ್ಟು ಬಂದ ಮೂವತ್ತನಾಲ್ಕರ ಒಬ್ಬ. ಪಾಠ ಮಾಡುವವರ ಕಥೆಯೂ ಅಷ್ಟೆ. ನಮ್ಮ ಗಣಿತದ ಮೇಷ್ಟ್ರು ಮೂರು ಕಾಲೇಜುಗಳಲ್ಲಿ ಪಾರ್ಟ್‌ಟೈಮ್. ಒಂದರಿಂದ ಇನ್ನೊಂದಕ್ಕೆ ದಿನವಿಡೀ ಹೆದ್ದಾರಿಯಲ್ಲೇ ಇರುವ ಇಂಥವರಿಗೆ ಇಲ್ಲಿ 'ಫ್ರೀವೇ ಫ್ಲೈಯರ್' ಎಂದೇ ಹೆಸರು. ಅವರ ಆಫೀಸ್ ಅವರ್ಸ್, ಅಂದರೆ ಮಕ್ಕಳು ಬಂದು ಅನುಮಾನ ಕೇಳುವ ಹೊತ್ತು, ನಡೆಯುತ್ತಿದ್ದದ್ದು ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಬಾನೆಟ್ಟಿನ ಮೇಲೆ ಪೇಪರು ಹರಡಿಕೊಂಡು. ನಾನು ಕಂಡ ಒಳ್ಳೆಯ ಮೇಷ್ಟ್ರುಗಳಲ್ಲಿ ಅವರೂ ಒಬ್ಬರು.

ಈ ವ್ಯವಸ್ಥೆಯ ಹಿಂದೆ ಒಂದು ದೊಡ್ಡ ಲೆಕ್ಕಾಚಾರ ಇದೆ. 1960ರಲ್ಲಿ ಕ್ಯಾಲಿಫೋರ್ನಿಯಾ ಒಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಕ್ಲಾರ್ಕ್ ಕೆರ್ ಆಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ, ಅಂದರೆ ಯುಸಿಯ, ಅಧ್ಯಕ್ಷರು, ಪ್ಯಾಟ್ ಬ್ರೌನ್ ಗವರ್ನರ್. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯುಸಿ, ಮೇಲಿನ ಮೂರನೇ ಒಂದು ಭಾಗಕ್ಕೆ ಇವತ್ತು ಸ್ಟೇಟ್ ಯೂನಿವರ್ಸಿಟಿ ಎನ್ನುವ ಸ್ಟೇಟ್ ಕಾಲೇಜು, ಉಳಿದ ಯಾರೇ ಬಂದರೂ ಜೂನಿಯರ್ ಕಾಲೇಜು, ಅಂದರೆ ಇವತ್ತಿನ ಕಮ್ಯುನಿಟಿ ಕಾಲೇಜು. ಇಷ್ಟೇ ಆಗಿದ್ದರೆ ಇದೂ ನಮ್ಮ ಸಿಇಟಿಯೇ. ಆದರೆ ಇನ್ನೊಂದು ಮಾತನ್ನೂ ಸೇರಿಸಿದರು. ಯೂನಿವರ್ಸಿಟಿಗಳು ಮೊದಲೆರಡು ವರ್ಷಕ್ಕೆ ಕಡಿಮೆ ಜನರನ್ನು ತೆಗೆದುಕೊಳ್ಳಬೇಕು, ಮೇಲಿನ ಎರಡು ವರ್ಷಕ್ಕೆ ಜಾಸ್ತಿ ಜಾಗ ಇಡಬೇಕು. ನಲವತ್ತಕ್ಕೆ ಅರವತ್ತರ ಲೆಕ್ಕ. ಆ ಹೆಚ್ಚಿನ ಜಾಗ ಯಾರಿಗೆ? ಎರಡು ವರ್ಷ ಬೇರೆ ಕಡೆ ಓದಿ ಬರುವವರಿಗೆ. ಅಂದರೆ ನಾನು ಹುಟ್ಟುವುದಕ್ಕೆ ಮೂವತ್ತೈದು ವರ್ಷ ಮುಂಚೆಯೇ ಯಾರೋ ನನಗೆ ಟವಲ್ ಹಾಕಿ ಸೀಟು ಹಿಡಿದಿದ್ದರು!

ಸೀಟು ಹಿಡಿದಿದ್ದರು ನಿಜ. ಅಲ್ಲಿಗೆ ಹೋಗಿ ಕೂರುವುದು ಬೇರೆ ಮಾತು.

ಟ್ರಾನ್ಸ್‌ಫರ್ ಅಂದರೆ ಏನು ಎಂದು ಅಪ್ಪನಿಗೆ ಅರ್ಥವಾದದ್ದು ಮಂಡಿಯ ಭಾಷೆಯಲ್ಲಿ. ರೈತ ಮನೆಯಲ್ಲಿ ತೂಗಿಕೊಂಡು ಬಂದ ಕೊಬ್ಬರಿಯನ್ನು ಮಂಡಿಯಲ್ಲಿ ಮತ್ತೆ ತೂಗುತ್ತಾರೆ. ಮನೆಯ ತೂಕಕ್ಕೆ ಅಲ್ಲಿ ಬೆಲೆಯಿಲ್ಲ. ಹಾಗೆಯೇ ನಾನು ಪಾಸು ಮಾಡಿದ ಒಂದೊಂದು ಕೋರ್ಸನ್ನೂ ಯೂನಿವರ್ಸಿಟಿಯವರು ತಮ್ಮ ತಕ್ಕಡಿಯಲ್ಲಿ ಇಟ್ಟು ನೋಡುತ್ತಾರೆ. ಯಾವ ಕಾಲೇಜಿನ ಯಾವ ಕೋರ್ಸು ಯಾವ ಕ್ಯಾಂಪಸ್ಸಿನ ಯಾವ ಕೋರ್ಸಿಗೆ ಸಮ ಎಂದು ತೋರಿಸುವ ಅಸಿಸ್ಟ್ ಎಂಬ ವೆಬ್‌ಸೈಟಿದೆ. ಎಡಗಡೆ ಅವರದು, ಬಲಗಡೆ ನಮ್ಮದು. ಬಲಗಡೆ ಕೋರ್ಸಿನ ಹೆಸರು ಇಲ್ಲದಿದ್ದರೆ ಸಮ ಇಲ್ಲ ಎಂದರ್ಥ. ನಾನು ಆ ಪುಟಗಳನ್ನು ಪಂಚಾಂಗದ ಹಾಗೆ ತಿರುವಿದ್ದೇನೆ. ಆದರೂ ಎಡವಿದೆ.

2017ರ ವಸಂತದ ಸೆಮಿಸ್ಟರ್. ನನ್ನ ಕಾಲೇಜಿನಲ್ಲಿ ಫಿಸಿಕ್ಸ್ ಮೂರು ಭಾಗ. ಮೊದಲನೇದು ಮುಗಿದಿತ್ತು. ಎರಡನೇದಕ್ಕೆ ಸಾಕಷ್ಟು ಜನ ಸೇರಲಿಲ್ಲ ಎಂದು ಶುರುವಾಗಲು ಎರಡು ದಿನ ಇದ್ದಾಗ ಕ್ಲಾಸನ್ನೇ ರದ್ದು ಮಾಡಿದರು. ಕೌನ್ಸೆಲರ್ ಹತ್ತಿರ ಓಡಿದೆ. ಒಬ್ಬೊಬ್ಬ ಕೌನ್ಸೆಲರಿಗೆ ನೂರಾರು ಮಕ್ಕಳು. ನನಗೆ ಸಿಕ್ಕಿದ್ದು ಹದಿನೈದು ನಿಮಿಷ. ಪಕ್ಕದ ಊರಿನ ಕಾಲೇಜಿನಲ್ಲಿ ಫಿಸಿಕ್ಸ್ ಎರಡನೇ ಭಾಗ ಸಂಜೆ ಹೊತ್ತು ಇದೆ, ಅಲ್ಲಿ ತಗೋ, ಅದು ಟ್ರಾನ್ಸ್‌ಫರ್ ಆಗುತ್ತೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಇವತ್ತು ಯೋಚಿಸಿದರೂ ಅದರಲ್ಲಿ ಒಂದು ಪದವೂ ಸುಳ್ಳಲ್ಲ.

ಆ ಕಾಲೇಜಿನಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್ ಅಲ್ಲ, ಅದಕ್ಕಿಂತ ಚಿಕ್ಕದಾದ ಕ್ವಾರ್ಟರ್‌ಗಳ ಪದ್ಧತಿ. ಮೂರು ಭಾಗದ ಫಿಸಿಕ್ಸನ್ನು ಅವರು ನಾಲ್ಕು ಭಾಗ ಮಾಡಿದ್ದರು. ರಾತ್ರಿ ಲ್ಯಾಬ್ ಮುಗಿಸಿ ಎಲ್ ಕಮಿನೊ ರಸ್ತೆಯಲ್ಲಿ 22ನೇ ನಂಬರ್ ಬಸ್ಸು ಹಿಡಿಯುತ್ತಿದ್ದೆ. ಪಾಲೊ ಆಲ್ಟೊದಿಂದ ಸ್ಯಾನ್ ಹೊಸೆಯ ಆ ತುದಿಯವರೆಗೆ ಆಗ ರಾತ್ರಿಯಿಡೀ ಓಡುತ್ತಿದ್ದ ಬಸ್ಸು ಅದು. ಮನೆ ಇಲ್ಲದವರು ಅದರಲ್ಲೇ ಮಲಗುತ್ತಿದ್ದರು. ಜನ ಅದಕ್ಕೆ 'ಹೋಟೆಲ್ 22' ಎನ್ನುತ್ತಿದ್ದರು. ಗೂಗಲ್, ಆಪಲ್ ಇರುವ ಊರುಗಳ ನಡುವೆ ಕಂಬಳಿ ಹೊದ್ದ ಹತ್ತು ಹದಿನೈದು ಜನ, ಮಧ್ಯೆ ನಾನು ವಿದ್ಯುತ್ ಕ್ಷೇತ್ರದ ಲೆಕ್ಕ ಹಿಡಿದುಕೊಂಡು. ಒಂದು ರಾತ್ರಿ ಹಿಂದಿನ ಸೀಟಿನ ಅಜ್ಜ ನನ್ನ ನೋಟ್‌ಬುಕ್ ಬಗ್ಗಿ ನೋಡಿ, ಮೈನಸ್ ಚಿಹ್ನೆ ಬಿಟ್ಟಿದ್ದೀಯ ಎಂದರು. ಬಿಟ್ಟಿದ್ದೆ. ಅವರು ಯಾರು, ಮೊದಲು ಏನಾಗಿದ್ದರು, ಕೇಳಲು ಧೈರ್ಯ ಬರಲಿಲ್ಲ.

ಆ ಕೋರ್ಸಿನಲ್ಲಿ ಎ ಬಂತು. ಮನೆಯಲ್ಲಿ ಶ್ಯಾವಿಗೆ ಪಾಯಸ ಆಯಿತು.

ಸೆಪ್ಟೆಂಬರಿನಲ್ಲಿ ಆ ಸೈನ್ಯದವನು ಸಿಕ್ಕ. ಅವನು ಸೈನ್ಯದಲ್ಲಿದ್ದು ಬಂದವರಿಗೆ ಸರ್ಕಾರ ಓದಿಸುವ ಜಿಐ ಬಿಲ್‌ನ ದುಡ್ಡಿನಲ್ಲಿ ಓದುತ್ತಿದ್ದ. ಆ ದುಡ್ಡು ಇಷ್ಟೇ ತಿಂಗಳು ಎಂದು ಎಣಿಸಿ ಬರುವುದು, ಹಾಗಾಗಿ ಒಂದು ಕೋರ್ಸೂ ವ್ಯರ್ಥವಾಗುವ ಹಾಗಿರಲಿಲ್ಲ. ಅಸಿಸ್ಟ್ ಪುಟಗಳನ್ನು ಪ್ರಿಂಟ್ ತೆಗೆದು, ಹಳದಿ ಹೈಲೈಟರಿನಲ್ಲಿ ಗೆರೆ ಎಳೆದು, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿರುತ್ತಿದ್ದ. ನನ್ನ ಅಪ್ಪನ ಫೈಲೇ ನೆನಪಾಗುತ್ತಿತ್ತು. ನಾನು ತಗೊಂಡ ಕೋರ್ಸುಗಳ ಪಟ್ಟಿ ನೋಡಿ ಅವನು ಫಿಸಿಕ್ಸ್ ಹತ್ತಿರ ಬೆರಳಿಟ್ಟ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಇಡೀ ಸರಣಿಯನ್ನು ಒಂದೇ ಕಾಲೇಜಿನಲ್ಲಿ ಮುಗಿಸಿರಬೇಕು.

ನನ್ನ ಕಾಲೇಜಿನ ಎರಡನೇ ಭಾಗದಲ್ಲಿ ಇದ್ದದ್ದು ಶಾಖ ಮತ್ತು ಅಲೆ. ಆ ಕಾಲೇಜಿನ ಎರಡನೇ ಭಾಗದಲ್ಲಿ ಇದ್ದದ್ದು ವಿದ್ಯುತ್ತು. ಎರಡು ಚೀಲದ ಮೇಲೂ ಎರಡು ಅಂತಲೇ ಬರೆದಿತ್ತು, ಒಳಗಿನ ಸರಕು ಮಾತ್ರ ಬೇರೆ. ಟ್ರಾನ್ಸ್‌ಫರ್ ಆಗುವುದು ಒಂದು, ಮೇಜರಿಗೆ, ಅಂದರೆ ಡಿಗ್ರಿಯ ಮುಖ್ಯ ವಿಷಯಕ್ಕೆ, ಸಲ್ಲುವುದು ಇನ್ನೊಂದು. ನನ್ನ ಆ ಎ ಯೂನಿಟ್ಟುಗಳ ಮೊತ್ತಕ್ಕೆ ಸೇರುತ್ತಿತ್ತು, ಇಂಜಿನಿಯರಿಂಗ್‌ಗೆ ಬೇಕಾದ ಫಿಸಿಕ್ಸ್ ಜಾಗದಲ್ಲಿ ಕೂರುತ್ತಿರಲಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಹಾಗೆ.

ಪುಣ್ಯಕ್ಕೆ ಇನ್ನೂ ಎರಡು ಸೆಮಿಸ್ಟರ್ ಇತ್ತು. ನನ್ನ ಕಾಲೇಜಿನಲ್ಲೇ ಎರಡನೇ ಭಾಗ, ಮೂರನೇ ಭಾಗ ಎರಡನ್ನೂ ಮಾಡಿದೆ. ಹೀಗೆ ವಿದ್ಯುತ್ತನ್ನು ಎರಡು ಸಲ ಕಲಿತವಳು ನಾನು. ಅವನು ಅವತ್ತು ಬೆರಳಿಡದೇ ಹೋಗಿದ್ದರೆ? ನಾನು ಓದಿಲ್ಲವೆಂದಲ್ಲ. ಓದಿದ್ದೆ, ಎ ಬಂದಿತ್ತು. ಕಾಗದ ಓದಿರಲಿಲ್ಲ ಅಷ್ಟೆ. ಟ್ರಾನ್ಸ್‌ಫರ್ ಎಂಬ ಈ ಎರಡನೇ ಬಾಗಿಲು ನಿಜವಾಗಿಯೂ ತೆರೆದೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರಾರಿನ ಸಣ್ಣ ಅಕ್ಷರ ಓದುವ ಕೆಲಸವನ್ನು ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರೇ ಇಲ್ಲದ ಮಕ್ಕಳ ತಲೆಗೆ ಕಟ್ಟಿದ್ದಾರೆ. ಅಮೆರಿಕದ ಸರ್ಕಾರಿ ಲೆಕ್ಕತಪಾಸಣೆ ಕಚೇರಿ 2017ರಲ್ಲೇ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಸರಾಸರಿ ತಮ್ಮ ಕ್ರೆಡಿಟ್‌ಗಳಲ್ಲಿ ಸುಮಾರು 43 ಪರ್ಸೆಂಟ್ ಕಳೆದುಕೊಂಡಿದ್ದರಂತೆ. ಅಪ್ಪನಿಗೆ ಇದನ್ನು ಹೇಳಿದಾಗ, "ಮಂಡೀಲಿ ಇಷ್ಟು ಕಡಿತ ಮಾಡಿದ್ರೆ ಗಲಾಟೆ ಆಗೋದು" ಎಂದರು.

ನವೆಂಬರ್ 30ರ ರಾತ್ರಿ ಯುಸಿಗೆ ಅರ್ಜಿ ಹಾಕಿದೆ. ಆಗ ಕ್ಯಾಂಪಸ್ಸಿಗೆ 70 ಡಾಲರ್ ಫೀಸು, ನಮ್ಮಂಥವರಿಗೆ ನಾಲ್ಕು ಕ್ಯಾಂಪಸ್ಸಿನವರೆಗೆ ಮಾಫಿ. ಏಪ್ರಿಲ್‌ನಲ್ಲಿ ಯುಸಿಯ ಡೇವಿಸ್ ಕ್ಯಾಂಪಸ್ಸಿನಿಂದ ಸಿವಿಲ್ ಇಂಜಿನಿಯರಿಂಗ್‌ಗೆ ಸೀಟು ಬಂತು. ಅಂಗಡಿಯ ಕೌಂಟರಿನಲ್ಲಿದ್ದೆ. ಯಾರದೋ ಕೊತ್ತಂಬರಿ ಸೊಪ್ಪನ್ನು ಎರಡು ಸಲ ಸ್ಕ್ಯಾನ್ ಮಾಡಿದೆ.

ಅಪ್ಪ ಕೇಳಿದ ಮೊದಲ ಪ್ರಶ್ನೆ: "ತೂಕ ಎಷ್ಟು ಬಂತು?" ನನ್ನ ಹತ್ತಿರ ಎಂಬತ್ತು ಚಿಲ್ಲರೆ ಯೂನಿಟ್ ಇದ್ದವು. ಕಮ್ಯುನಿಟಿ ಕಾಲೇಜಿನಿಂದ ಯುಸಿ ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 70. ಆದರೆ ಡೇವಿಸ್‌ನಲ್ಲಿ ಕ್ವಾರ್ಟರ್ ಪದ್ಧತಿ. ಒಂದು ಸೆಮಿಸ್ಟರ್ ಯೂನಿಟ್ ಅಲ್ಲಿ ಒಂದೂವರೆ ಆಗುತ್ತದೆ. ಹಾಗಾಗಿ ಅವರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 105 ಎಂದು ಬಿತ್ತು. ಅಪ್ಪ ಕಾಗದವನ್ನು ಮೂರು ಸಲ ಓದಿದರು. "ಎಪ್ಪತ್ತು ಕೊಟ್ರೆ ನೂರೈದು ಬರ್ಕಂಡವ್ರೆ! ಇಂಥ ಮಂಡಿ ನಾನು ನೋಡೇ ಇಲ್ಲ." ಹೀಗಲ್ಲಪ್ಪ ಎಂದು ವಿವರಿಸಲು ಹೋಗಲಿಲ್ಲ. ಅವರ ಸಂತೋಷ ನಾನ್ಯಾಕೆ ಕೆಡಿಸಲಿ.

ಒಂದು ಮಾತ್ರ ಬರಲಿಲ್ಲ. ಯೂನಿಟ್ ಬರುತ್ತದೆ, ಗ್ರೇಡ್ ಬರುವುದಿಲ್ಲ. ಮೂರು ವರ್ಷ ಕಾಪಾಡಿಕೊಂಡು ಬಂದ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ನಾಲ್ಕಕ್ಕೆ 3.8. ಅದು ಅರ್ಜಿ ನೋಡುವವರಿಗೆ ಬೇಕಿತ್ತು. ಒಳಗೆ ಕಾಲಿಟ್ಟ ಮೇಲೆ ಅದರ ಸುದ್ದಿಯೇ ಇಲ್ಲ. ಜಿಪಿಎ ಕಾಲಂ ಖಾಲಿ. ಮೂರನೇ ವರ್ಷದ ವಿದ್ಯಾರ್ಥಿ, ಮೊದಲನೇ ದಿನದ ಮಾರ್ಕ್ಸ್ ಕಾರ್ಡ್.

ಡೇವಿಸ್ ಊರು ನನಗೆ ಹಿಡಿಸಿತು. ಎಲ್ಲ ಕಡೆ ಸೈಕಲ್ಲು. ಲಂಡನ್ನಿನಿಂದ ತಂದ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳನ್ನು ವಿದ್ಯಾರ್ಥಿಗಳೇ ಓಡಿಸುತ್ತಾರೆ. ಕ್ಯಾಂಪಸ್ಸಿನಲ್ಲೇ ದನದ ಕೊಟ್ಟಿಗೆ. ಗಾಳಿ ಆ ಕಡೆಯಿಂದ ಬೀಸಿದರೆ ಉಳಿದವರು ಮೂಗು ಮುಚ್ಚುತ್ತಿದ್ದರು, ನನಗೆ ದೊಡ್ಡಪ್ಪನ ಮನೆ ಹಿತ್ತಿಲು ಹತ್ತಿರವಾಗುತ್ತಿತ್ತು.

ಆದರೆ ಕ್ಲಾಸಿನಲ್ಲಿ? ಅಲ್ಲಿ ಎಲ್ಲರಿಗೂ ಎರಡು ವರ್ಷದ ಹಿಂದೆಯೇ ಗೆಳೆಯರು ಸಿಕ್ಕಾಗಿತ್ತು. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು, ಒಟ್ಟಿಗೆ ಫೇಲಾದವರು, ಜಗಳವಾಡಿ ರಾಜಿಯಾದವರು. ಲ್ಯಾಬಿನಲ್ಲಿ ನಾಲ್ಕು ನಾಲ್ಕು ಜನ ಗುಂಪು ಮಾಡಿಕೊಳ್ಳಿ ಎಂದರೆ ಅರ್ಧ ನಿಮಿಷದಲ್ಲಿ ಗುಂಪು ಮುಗಿದಿರುತ್ತಿತ್ತು. ಉಳಿದವರು ಒಂದು ಗುಂಪು. ಆ ಉಳಿದವರೆಲ್ಲ ನೋಡಿದರೆ ಟ್ರಾನ್ಸ್‌ಫರ್‌ಗಳೇ. ಅರಸೀಕೆರೆಯಲ್ಲಿ ರೈಲು ಹತ್ತಿದವರಿಗೆ ಬೆಂಗಳೂರಿಗೆ ಹೋಗುವ ಟಿಕೆಟ್ ಇರುತ್ತದೆ, ಕೂರಲು ಜಾಗ ಇರುವುದಿಲ್ಲ.

ಕ್ವಾರ್ಟರ್ ಅಂದರೆ ಹತ್ತು ವಾರದ ಪಾಠ. ಮೂರನೇ ವಾರಕ್ಕೇ ಮಿಡ್‌ಟರ್ಮ್. ಸೆಮಿಸ್ಟರಿನಲ್ಲಿ ಮೇಷ್ಟ್ರ ಹೆಸರು ಕಲಿಯುವುದಕ್ಕೇ ಅಷ್ಟು ದಿನ ತಗೊಳ್ಳುತ್ತಿದ್ದೆ. ಮೊದಲ ಮಿಡ್‌ಟರ್ಮಿನಲ್ಲಿ ನೂರಕ್ಕೆ 38. ಪೇಪರು ಮಡಚಿ ಬ್ಯಾಗಿನ ಅಡಿಗೆ ಹಾಕಿದೆ. ಇದಕ್ಕೆ 'ಟ್ರಾನ್ಸ್‌ಫರ್ ಶಾಕ್' ಎಂದು ಹೆಸರಿದೆ, 1965ರಲ್ಲೇ ಜಾನ್ ಹಿಲ್ಸ್ ಎಂಬ ಸಂಶೋಧಕ ಆ ಹೆಸರಿಟ್ಟಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ನನಗಿಂತ ಮುಂಚೆ ಇಷ್ಟು ಜನ ಬಿದ್ದಿದ್ದಾರೆ ಎಂದು ಗೊತ್ತಾದರೆ ಸ್ವಲ್ಪ ಸಮಾಧಾನ. ಆದರೆ ಅವತ್ತು ಅದು ಗೊತ್ತಿರಲಿಲ್ಲ. ಆ ನವೆಂಬರಿನಲ್ಲಿ ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತು. ಅದು 85 ಜನರನ್ನು ಬಲಿ ತೆಗೆದುಕೊಂಡ ಕಾಡ್ಗಿಚ್ಚು. ಹೊಗೆ ಡೇವಿಸ್‌ವರೆಗೂ ಬಂದು, ಕೆಲವು ದಿನ ಕ್ಲಾಸುಗಳೇ ರದ್ದಾದವು. ಮಾಸ್ಕ್ ಹಾಕಿಕೊಂಡು, ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ. ನನ್ನ ಯೂನಿಟ್‌ಗಳು ಜುಲೈನಲ್ಲೇ ಇಲ್ಲಿಗೆ ಬಂದು ಸೇರಿವೆ, ನಾನು ಮಾತ್ರ ಇನ್ನೂ 22ನೇ ನಂಬರ್ ಬಸ್ಸಿನಲ್ಲೇ ಇದ್ದೇನೆ ಅನ್ನಿಸಿತು.

ಆಗ ಫೋನ್ ಮಾಡಿದ್ದು ದೊಡ್ಡಪ್ಪನ ಮಗನಿಗೆ. ಅವನು ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ಇಂಜಿನಿಯರಿಂಗಿನ ಮೂರನೇ ಸೆಮಿಸ್ಟರಿಗೆ ಸೇರಿದವನು. "ನಿನಗೂ ಹಿಂಗಾಗಿತ್ತೇನೋ?" ಎಂದೆ. ನಗಲು ಶುರು ಮಾಡಿದ. "ನಮ್ಮನ್ನ ಕ್ಲಾಸಲ್ಲಿ 'ಡಿಪ್ಲೊಮಾ' ಅಂತಾನೇ ಕರೀತಿದ್ರು ಕಣೇ. ಹೆಸರೇ ಇರಲಿಲ್ಲ. ಎಲ್ರೂ ಮನೆಗೆ ಹೋದ್ರೆ ನಾವು ಮ್ಯಾಟ್‌ಡಿಪ್ ಕ್ಲಾಸಿಗೆ ಹೋಗಬೇಕಿತ್ತು." ಮ್ಯಾಟ್‌ಡಿಪ್ ಅಂದರೆ ಡಿಪ್ಲೊಮಾದಿಂದ ಬಂದವರಿಗೆ ವಿಟಿಯು ಇಟ್ಟಿದ್ದ ಹೆಚ್ಚುವರಿ ಗಣಿತ. ಅದರ ಮಾರ್ಕ್ಸು ಯಾವ ಲೆಕ್ಕಕ್ಕೂ ಇಲ್ಲ, ಆದರೆ ಪಾಸಾಗಲೇಬೇಕು. "ಆದ್ರೆ ಸರ್ವೇ ಲ್ಯಾಬಲ್ಲಿ ನಮಗೇ ಎಲ್ಲ ಗೊತ್ತಿರ್ತಿತ್ತು. ಅಲ್ಲಿ ಅವರೇ ಬಂದು ಕೇಳೋರು," ಎಂದ. ಅರ್ಧ ಗಂಟೆ ಮಾತಾಡಿದೆವು. ಎರಡು ಖಂಡ, ಎರಡು ಯೂನಿವರ್ಸಿಟಿ, ಕಥೆ ಒಂದೇ.

ನನಗೆ ಸರ್ವೇ ಲ್ಯಾಬ್ ಆಗಿ ಒದಗಿದ್ದು ನೀರಿನ ಕೋರ್ಸು. ಉತ್ತರದ ನೀರನ್ನು ದಕ್ಷಿಣಕ್ಕೆ ಸಾಗಿಸುವ ಕಾಲುವೆಗಳ ಬಗ್ಗೆ ಪಾಠ. ಕಾಲುವೆಯ ತುದಿಯ ಹೊಲಕ್ಕೆ ನೀರು ಯಾಕೆ ತಲುಪುವುದಿಲ್ಲ ಎಂದು ಪ್ರೊಫೆಸರ್ ಕೇಳಿದರು. ಹೇಮಾವತಿ ನಾಲೆಯ ನೀರು ಯಾರ ಕೆರೆಗೆ ಎಂಬ ಜಗಳ ಕೇಳುತ್ತ ಬೆಳೆದವಳಿಗೆ ಇದೂ ಒಂದು ಪ್ರಶ್ನೆಯೇ? ಅವತ್ತು ಮೊದಲ ಸಲ ಕೈ ಎತ್ತಿದೆ.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಒಂದು ಘಟನೆ ನಡೆಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಹೊಸದಾಗಿ ಟ್ರಾನ್ಸ್‌ಫರ್ ಆಗಿ ಬಂದ ಹುಡುಗನೊಬ್ಬ ಸಿವಿಲ್ ವಿಭಾಗದ ಘೌಸಿ ಹಾಲ್ ಎಲ್ಲಿ ಎಂದು ಕೇಳಿದ. ಜೊತೆಯಲ್ಲೇ ಹೋಗಿ ಬಿಟ್ಟೆ. ದಾರಿಯಲ್ಲಿ ಯಾವ ಪ್ರೊಫೆಸರ್ ಹೇಗೆ, ಯಾವ ಲೈಬ್ರರಿ ಮೂಲೆಯಲ್ಲಿ ಚಾರ್ಜರ್ ಸಿಗುತ್ತೆ, ಎಲ್ಲ ಹೇಳಿದೆ. ಅವನು, "ನಿಮಗೇನು, ನೀವು ಮೊದಲನೇ ವರ್ಷದಿಂದ ಇಲ್ಲೇ ಇದ್ದೋರು" ಎಂದ. ನಾನು ಇಲ್ಲ ಎನ್ನಲಿಲ್ಲ. ಸುಮ್ಮನೆ ನಕ್ಕೆ. ಒಳಗೊಳಗೇ ಹಿಗ್ಗಿದೆ. ಅವನು ಹೋದ ಮೇಲೆ ಕನ್ನಡ ಕೂಟದ ಯುಗಾದಿ ಊಟ ನೆನಪಾಯಿತು. ಯಾವ ಕಾಲೇಜು ಎಂದು ಯಾರಾದರೂ ಕೇಳಿದರೆ ಅತ್ತೆ ನನ್ನ ಪರವಾಗಿ, "ಇವಳು ಇಂಜಿನಿಯರಿಂಗ್, ಮುಂದಿನ ವರ್ಷ ಡೇವಿಸ್" ಎಂದು ಬೇಗ ಬೇಗ ಹೇಳಿ ಹೋಳಿಗೆ ಬಡಿಸಲು ಹೋಗುತ್ತಿದ್ದರು. ಆಗ ಅತ್ತೆಯ ಮೇಲೆ ಎಷ್ಟು ಕೋಪ ಬರುತ್ತಿತ್ತು! ಈಗ ನಾನು ಮಾಡಿದ್ದಾದರೂ ಏನು?

ಅದಾದ ಮೇಲೆ ಜಾಸ್ತಿ ದಿನ ಸಿಗಲಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಎಲ್ಲರೂ ಮನೆಗೆ ಹೋದೆವು. ನಾಲ್ಕು ವರ್ಷದವರಿಗೆ ನಾಲ್ಕು ವರ್ಷದ ನೆನಪಾದರೂ ಇತ್ತು. ನನಗೆ ಸಿಕ್ಕಿದ್ದು ಒಟ್ಟು ಐದು ಕ್ವಾರ್ಟರ್. ಉಳಿದದ್ದನ್ನು ಸನಿವೇಲಿನ ಅಡುಗೆಮನೆ ಟೇಬಲ್ಲಿನ ಮೇಲೆ, ಅಮ್ಮನ ಒಗ್ಗರಣೆ ಸದ್ದಿನ ನಡುವೆ, ಆ ಡಿಸೆಂಬರಿನಲ್ಲಿ ಮುಗಿಸಿದೆ. ಡಿಗ್ರಿ ಪೋಸ್ಟಿನಲ್ಲಿ ಬಂತು. ಅಪ್ಪ ಅದನ್ನು ನೀಲಿ ಫೈಲಿನಲ್ಲಿ ಟಿಸಿಯ ಹಿಂದೆ ಇಟ್ಟರು.

ಫ್ರೀಮಾಂಟಿನ ಆ ಅಮ್ಮನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಯುಸಿಯ ಆರು ಕ್ಯಾಂಪಸ್ಸುಗಳಲ್ಲಿ ಟ್ಯಾಗ್ ಎಂಬ ಖಾತ್ರಿ ಸೀಟಿನ ಪದ್ಧತಿ ಇದೆ, ಡೇವಿಸ್ ಅದರಲ್ಲಿದೆ, ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯೇಗೊ ಇಲ್ಲ, ಅದಕ್ಕೆ ಸೆಪ್ಟೆಂಬರಿನಲ್ಲೇ ಅರ್ಜಿ ಹಾಕಬೇಕು ಎಂದೆ. ನನ್ನ ಕಾಲದ ಕೋರ್ಸು ಪಟ್ಟಿ ಹೋಗಿ 2025ರಿಂದ ಕ್ಯಾಲ್-ಗೆಟ್‌ಸಿ ಎಂಬ ಹೊಸದು ಬಂದಿದೆ, ಹಳಬರ ಮಾತು ಕೇಳಿ ಮೋಸ ಹೋಗಬೇಡಿ, ನನ್ನದನ್ನೂ ಸೇರಿಸಿ ಎಂದೆ. ಅವರು "ಜನ ಕೇಳಿದ್ರೆ ಏನ್ ಹೇಳೋದು?" ಎಂದರು. ಕಾಲೇಜಿನ ಹೆಸರು ಹೇಳಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

ಆಮೇಲೆ ಮಗನಿಗೆ ಫೋನ್ ಕೊಟ್ಟರು. ಕನ್ನಡ ಇಂಗ್ಲಿಷ್ ಬೆರೆಸಿ ಮಾತಾಡುವ ಹುಡುಗ. ಕಂಪ್ಯೂಟರ್ ಸೈನ್ಸ್ ಬೇಕಂತೆ. ಎರಡು ಕಾಲೇಜು ಹತ್ತಿರ ಇವೆ, ಅಲ್ಲೊಂದು ಇಲ್ಲೊಂದು ಕ್ಲಾಸ್ ತಗೊಂಡರೆ ಬೇಗ ಮುಗಿಯುತ್ತೆ ಅಲ್ವಾ ಅಕ್ಕ ಎಂದ. ನನ್ನ ಬೆನ್ನು ನೆಟ್ಟಗಾಯಿತು. ಅಸಿಸ್ಟ್ ಪುಟ ತೆಗೆದಿದ್ದೀಯಾ ಎಂದೆ. ಲ್ಯಾಪ್‌ಟಾಪಿನಲ್ಲಿದೆ ಎಂದ. ಹಳದಿ ಹೈಲೈಟರ್ ಇದೆಯಾ ಎಂದೆ. ಪಿಡಿಎಫ್‌ಗೆ ಹೈಲೈಟರ್ ಯಾಕೆ ಎಂದು ನಕ್ಕ.

"ಪ್ರಿಂಟ್ ತಗೊಂಡು ಬಾ, ಶನಿವಾರ ಕೂತು ನೋಡೋಣ," ಎಂದೆ. "ಕೆಳಗಿನ ಸಣ್ಣ ಅಕ್ಷರಾನೂ ಬರೋ ಹಾಗೆ ಪ್ರಿಂಟ್ ಮಾಡು."